ಕಾರಿನ ತಳದ ಬಿರಡೆಗಳು

ಪ್ರಶ್ನೆ: ನನ್ನ 2006ರ ಮಾರುತಿ 800 ಕಾರಿನಲ್ಲಿ ಮಳೆ ಬಂದಾಗಲೆಲ್ಲ ಚಾಲಕನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಎತ್ತಿ ನೋಡಿದರೆ ತಳದ ತಗಡಿನಲ್ಲಿ ನಾಣ್ಯದಗಲದ ಎರಡು ದುಂಡು ತೂತುಗಳಿವೆ. ವೆಲ್ಡಿಂಗ್ ಮಾಡಿಸಬೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಂಚು ದುಂಡಗೆ, ಗಟ್ಟಿಯಾಗಿದ್ದರೆ ವೆಲ್ಡಿಂಗ್ ಬೇಕಿಲ್ಲ. ಕಾರ್ಖಾನೆಯಲ್ಲಿ ಬಾಡಿಯನ್ನು ಪ್ರೈಮರ್ (ತುಕ್ಕು ತಡೆಯುವ ಮೊದಲ ಲೇಪ) ತೊಟ್ಟಿಯಲ್ಲಿ ಅದ್ದಿ ಎತ್ತುವಾಗ ದ್ರವ ಬಸಿದುಹೋಗಲೆಂದು ಇಂಥ ತೂತುಗಳನ್ನು ಬಿಟ್ಟು, ಅನಂತರ ರಬ್ಬರ್ ಬಿರಡೆ ಹಾಕಿ ಮುಚ್ಚಿರುತ್ತಾರೆ. ರಬ್ಬರ್ ಹಳತಾಗಿ ಸೆಟೆದುಕೊಂಡಾಗ ಅದು ಕಳಚಿ ಬೀಳುತ್ತದೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಬಿಡಿಭಾಗದ ಅಂಗಡಿಯಲ್ಲಿ ಹೊಂದುವ ಬಿರಡೆ ಕೇಳಿ. ಅಂಚಿನ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಸೀಲೆಂಟ್ (ನೀರು ನುಸುಳದಂತೆ ಸಂದು ಮುಚ್ಚುವ ಅಂಟು) ಹಚ್ಚಿ ಬಿರಡೆಯನ್ನು ಒತ್ತಿ ಕೂರಿಸಿ. ಕೆಲವರು ಡಾಂಬರು ಮೆತ್ತಿ ಕೈತೊಳೆದುಕೊಳ್ಳುತ್ತಾರೆ, ಅದಕ್ಕೆ ಒಪ್ಪಬೇಡಿ. ಮ್ಯಾಟಿನಡಿಯ ಫೆಲ್ಟನ್ನು (ದಪ್ಪ ಬಟ್ಟೆಯಂಥ ಹಾಸನ್ನು) ಬಿಸಿಲಿಗೆ ಹಾಕದೆ ಮರಳಿ ಹಾಸಿದರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.