ಕೊನೆಯವರು ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ?

ಸೈಕಲ್ ಸವಾರರ ಪ್ರಶ್ನೆ, ರಿಪೇರಿಯವರ ಉತ್ತರ
(ಉತ್ತರಿಸುವವರಿಗೆ ಮಂಗಳೂರಿನ ಊರ್ವದಲ್ಲಿ ಸಣ್ಣ ಸೈಕಲ್ ರಿಪೇರಿ ಅಂಗಡಿ ಇದೆ. ಭಾನುವಾರದ ಗುಡ್ಡೆ ಸವಾರಿಗಳಲ್ಲಿ ಎಲ್ಲರ ಹಿಂದೆ ಬರುವ ಕೆಲಸ ಅವರದ್ದು.)

ನನಗೆ ನಲವತ್ತೆರಡು ವರ್ಷ. ಬ್ಯಾಂಕಿನಲ್ಲಿ ಕೆಲಸ. ಲಾಕ್‌ಡೌನ್‌ನಲ್ಲಿ ತೆಗೆದುಕೊಂಡ ಗೇರ್ ಸೈಕಲ್ ಉಂಟು. ಮೌಂಟನ್ ಬೈಕಿಂಗ್ ಕ್ಲಬ್ಬಿಗೆ ಸೇರುವ ಆಸೆ. ಆದರೆ ಅವರ ಫೋಟೋಗಳಲ್ಲಿ ಇರುವುದೆಲ್ಲ ಕಾಲೇಜು ಹುಡುಗರು, ಮೈಗಂಟಿದ ಬಟ್ಟೆ. ನಾನು ಹಿಂದೆ ಉಳಿದರೆ ಅವರಿಗೆಲ್ಲ ತೊಂದರೆ ಅಲ್ವಾ? ಚೂಡಿದಾರ್ ಹಾಕಿ ಹೋಗಬಹುದಾ?
– ಓದುಗಿ, ಬೊಂದೇಲ್

ಹಿಂದೆ ಉಳಿಯುತ್ತೀರಿ. ಅದರಲ್ಲಿ ಅನುಮಾನ ಬೇಡ. ಹೊಸಬರು ಹಿಂದೆ ಉಳಿಯುತ್ತಾರೆ ಅಂತಲೇ ನನ್ನಂಥವನೊಬ್ಬ ಹಿಂದೆ ಇರುವುದು. ನಿಮ್ಮಿಂದ ತೊಂದರೆ ಆಗುತ್ತದಾ ಅನ್ನುವುದನ್ನು ಬದಿಗಿಡಿ. ಆ ಗುಂಪಿಗೆ ನಿಮ್ಮನ್ನು ಕರೆದುಕೊಂಡು ಹೋಗುವ ಯೋಗ್ಯತೆ ಉಂಟಾ ಅಂತ ಮೊದಲು ನೋಡಿ.

ಸೇರುವ ಮೊದಲು ಫೋನ್ ಮಾಡಿ ಎರಡು ಮಾತು ಕೇಳಿ. ಒಂದು, ಕೊನೆಯಲ್ಲಿ ಬರುವವರು ಯಾರು? "ಹಾಗೆ ಯಾರೂ ಇಲ್ಲ, ಎಲ್ಲರೂ ಒಟ್ಟಿಗೇ ಹೋಗುತ್ತೇವೆ" ಅಂದರೆ ನಂಬಬೇಡಿ. ಏರು ಬಂದ ಕೂಡಲೇ ಯಾರೂ ಒಟ್ಟಿಗೆ ಇರುವುದಿಲ್ಲ. ಎರಡನೆಯದು, ಕೊನೆಯವರು ಬಂದು ಸೇರಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ? ಇದನ್ನು ಯಾರೂ ಕೇಳುವುದಿಲ್ಲ, ಇದನ್ನೇ ಕೇಳಬೇಕು. ದಾರಿ ಕವಲಾದಲ್ಲೆಲ್ಲ ಮುಂದಿನವರು ನಿಂತು ಕಾಯುವುದು ಪದ್ಧತಿ. ಕಾಯುತ್ತಾರೆ, ಸರಿ. ನೀರು ಕುಡಿಯುತ್ತಾರೆ, ಚಿಕ್ಕಿ ತಿನ್ನುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಅಷ್ಟರಲ್ಲಿ ಕೊನೆಯವರು ಏದುಸಿರು ಬಿಡುತ್ತಾ ಬಂದು ಒಂದು ಕಾಲು ನೆಲಕ್ಕೆ ಇಡುತ್ತಾರೆ. "ಹಾಂ, ಎಲ್ಲರೂ ಬಂದ್ರಲ್ಲ, ಹೊರಡುವ!" ಅಂತ ಮುಂದಿನವರು ಪೆಡಲ್ ತುಳಿದೇ ಬಿಡುತ್ತಾರೆ. ಹೆಚ್ಚು ಸುಸ್ತಾದವರಿಗೆ ಹತ್ತು ಸೆಕೆಂಡ್ ವಿಶ್ರಾಂತಿ, ಸುಸ್ತೇ ಆಗದವರಿಗೆ ಹತ್ತು ನಿಮಿಷ. ಇಂಥ ಗುಂಪಿನಲ್ಲಿ ಎರಡನೇ ಗಂಟೆಯ ಹೊತ್ತಿಗೆ ಹೊಸಬರು ಬೀಳುತ್ತಾರೆ. ಬ್ರೇಕ್ ಹಿಡಿಯಲು ಬರುವುದಿಲ್ಲ ಅಂತ ಅಲ್ಲ, ಕೈಯಲ್ಲಿ ಬಲ ಉಳಿದಿರುವುದಿಲ್ಲ. ಕೊನೆಯವರು ಬಾಟಲಿ ಮುಚ್ಚಳ ಹಾಕಿದ ಮೇಲೆಯೇ ಹೊರಡುವ ಗುಂಪು ಸಿಕ್ಕಿದರೆ ಬಿಡಬೇಡಿ. ಅಲ್ಲಿ ಎಷ್ಟು ಜನ ಹುಡುಗರಿದ್ದರೂ ಚಿಂತೆಯಿಲ್ಲ.

ಮೊದಲೇ ಸದಸ್ಯತ್ವದ ಹಣ ಕಟ್ಟಬೇಡಿ. ಒಂದು ಸವಾರಿಗೆ ಅತಿಥಿಯಾಗಿ ಬರುತ್ತೇನೆ ಅನ್ನಿ. ಒಳ್ಳೆಯವರು ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಬದಿಯಲ್ಲೇ ಅಭ್ಯಾಸ ಮಾಡಬಹುದು. ಕಾವೂರಿನಿಂದ ಇಳಿದು, ಮರವೂರು ಸೇತುವೆ ದಾಟಿ, ಬಜಪೆ ಕಡೆಯ ಏರು ಹತ್ತಿ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ವಿಮಾನ ನಿಲ್ದಾಣದ ಕಾರುಗಳ ಕಾಟ. ಏರಿನಲ್ಲಿ ಮಾತಾಡಲು ಆಗುವಷ್ಟು ಉಸಿರು ಉಳಿಯುವ ಹಾಗೆ ಸಣ್ಣ ಗೇರಿನಲ್ಲಿ ತುಳಿಯಿರಿ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಒಮ್ಮೊಮ್ಮೆ ತುಂಡೂ ಆಗುತ್ತದೆ.

ಚೂಡಿದಾರ್ ಹಾಕಿ ಧಾರಾಳ ಬನ್ನಿ. ಶಾಲು ಮನೆಯಲ್ಲಿ ಬಿಡಿ. ಪ್ಯಾಂಟಿನ ಬಲಗಾಲನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ, ಚೈನ್ ಇರುವುದು ಆ ಬದಿಯಲ್ಲಿ. ಚಪ್ಪಲಿ ಮಾತ್ರ ಬೇಡವೇ ಬೇಡ. ನಿಮ್ಮ ಟಯರಿನ ಅಳತೆಯ ಒಂದು ಟ್ಯೂಬ್, ಟಯರ್ ಬಿಡಿಸುವ ಎರಡು ಲಿವರ್, ಸಣ್ಣ ಪಂಪು ಚೀಲದಲ್ಲಿರಲಿ. ಹಾಕಲು ಬಾರದಿದ್ದರೂ ಪರವಾಗಿಲ್ಲ, ಯಾರಾದರೂ ಹಾಕಿಕೊಡುತ್ತಾರೆ. ಆದರೆ ನಿಮ್ಮ ಅಳತೆಯ ಟ್ಯೂಬ್ ಇನ್ನೊಬ್ಬರ ಚೀಲದಲ್ಲಿ ಇರಬೇಕು ಅಂತ ಇಲ್ಲವಲ್ಲ. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳು ಅಗಲ ಬಿಟ್ಟು ಕೂರಬೇಕು. ಹಣೆ ಪೂರ್ತಿ ಕಾಣುವ ಹಾಗೆ ಹಿಂದಕ್ಕೆ ಸರಿಸಿ ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಇನ್ನೊಂದು ಮಾತು. ಗುಂಪಿನಲ್ಲಿ ಯಾರಾದರೂ "ನನ್ನ ಸೈಕಲ್ ಒಮ್ಮೆ ಬಿಟ್ಟು ನೋಡಿ ಮೇಡಂ" ಅಂತ ಕೊಟ್ಟೇ ಕೊಡುತ್ತಾರೆ. ಹತ್ತುವ ಮೊದಲು ನಿಂತಲ್ಲೇ ಬ್ರೇಕ್ ಒತ್ತಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಹೊರದೇಶದ ಕೆಲವು ಸೈಕಲ್‌ಗಳಲ್ಲಿ ಎಡಗೈಯದ್ದು. ಇಳಿಜಾರಿನ ಮಧ್ಯದಲ್ಲಿ ಇದು ಗೊತ್ತಾಗುವುದು ಒಳ್ಳೆಯದಲ್ಲ.

ಫುಲ್ ಸಸ್ಪೆನ್ಷನ್ (ಮುಂದೆ, ಹಿಂದೆ ಎರಡೂ ಕಡೆ ಕುಲುಕು ತಡೆಯುವ ಸ್ಪ್ರಿಂಗ್) ಇಲ್ಲದೆ ಕ್ಲಬ್ಬಿಗೆ ಹೋದರೆ ಮರ್ಯಾದೆ ಇರುತ್ತದಾ? ಚಕ್ರ 27.5 ಇಂಚು ಒಳ್ಳೆಯದಾ, 29 ಇಂಚಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ತಮ್ಮಾ, 1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗೆಳೆಯರು ಗುಡ್ಡದ ಮಣ್ಣುದಾರಿಯಲ್ಲಿ ಸೈಕಲ್ ರೇಸ್ ಇಟ್ಟುಕೊಂಡರು. ಅವರಲ್ಲಿದ್ದದ್ದು 1930–40ರ ಕಾಲದ ದಪ್ಪ ಟಯರಿನ ಹಳೇ ಸೈಕಲ್‌ಗಳು. ಸಸ್ಪೆನ್ಷನ್ ಇಲ್ಲ. ಬ್ರೇಕ್ ಅಂದರೆ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವಂಥದ್ದು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ನಡುವಿನ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಅದರಿಂದಲೇ ಆ ರೇಸಿಗೆ ರಿಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತ ಹೆಸರು ಬಂತು. ಮೌಂಟನ್ ಬೈಕಿಂಗ್ ಬೆಳೆದದ್ದು ಅಂಥ ಸೈಕಲ್‌ಗಳ ಮೇಲೆ. ಆಮೇಲೆ ಅದು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ವರೆಗೂ ಹೋಯಿತು.

ಹಾಗಾಗಿ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮಾತ್ರ ಕುಣಿಯುವ ಸೈಕಲ್ ನಮ್ಮ ಗುಡ್ಡೆಗಳಿಗೆ ಬೇಕಾದಷ್ಟಾಯಿತು. ಕಡಿಮೆ ಬೆಲೆಯ ಫುಲ್ ಸಸ್ಪೆನ್ಷನ್ ಸುಮ್ನೆ ಭಾರ. ಇಂದ್ರಾಳಿಯಿಂದ ಮಣಿಪಾಲಕ್ಕೆ ವಾಪಸ್ ಹತ್ತುವಾಗ ನೆನಪಾಗುತ್ತದೆ. ಆ ದುಡ್ಡನ್ನು ಒಳ್ಳೆಯ ಡಿಸ್ಕ್ ಬ್ರೇಕಿಗೂ ಟಯರಿಗೂ ಹಾಕು. 29 ಇಂಚಿನ ಚಕ್ರ ಬೇರು, ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ. 27.5 ತಿರುವುಗಳಲ್ಲಿ ಚುರುಕು, ಕುಳ್ಳಗಿರುವವರಿಗೆ ಅನುಕೂಲ. ನಿನ್ನ ಎತ್ತರಕ್ಕೆ ಫ್ರೇಮ್ ಸರಿಯಾಗಿದ್ದರೆ ಎರಡೂ ನಡೆಯುತ್ತದೆ. ಇನ್ನು ಸೈಕಲ್ ನೋಡಿ ಮರ್ಯಾದೆ ಕೊಡುವ ಕ್ಲಬ್ಬಾದರೆ ಮೊದಲ ವಾರವೇ ಬಿಡು.

ಮಗನಿಗೆ ಹದಿನೈದು. ಮಳೆಗಾಲದಲ್ಲೂ ಗುಂಪಿನ ಜೊತೆ ಗುಡ್ಡೆಗೆ ಹೋಗುತ್ತೇನೆ ಅಂತ ಹಟ. ಕಳಿಸಬಹುದಾ?
– ಓದುಗರು, ಕಾರ್ಕಳ

ಈಗಷ್ಟೇ ಕಲಿಯುತ್ತಿರುವವನಾದರೆ ನವರಾತ್ರಿ ಕಳೆಯಲಿ. ಮಳೆಗಾಲದಲ್ಲಿ ಮುರಕಲ್ಲಿನ ಹಾಸಿನ ಮೇಲೆ ಪಾಚಿ ಕಟ್ಟಿರುತ್ತದೆ. ಕಪ್ಪಗೆ, ತೆಳ್ಳಗೆ, ನೋಡಿದರೆ ಬರೀ ಒದ್ದೆ ಕಲ್ಲು ಅನಿಸುತ್ತದೆ. ಅದರ ಮೇಲೆ ಬ್ರೇಕ್ ಹಾಕಿದ ಕ್ಷಣ ಚಕ್ರ ಕೈಬಿಟ್ಟು ಹೋಗುತ್ತದೆ. ಮೊದಲೇ ನಿಧಾನ ಮಾಡಿ, ಕಲ್ಲಿನ ಮೇಲೆ ಬ್ರೇಕೂ ಮುಟ್ಟದೆ, ಹ್ಯಾಂಡಲೂ ತಿರುಗಿಸದೆ ನೆಟ್ಟಗೆ ದಾಟಬೇಕು. ಅನುಮಾನ ಬಂದರೆ ಇಳಿದು ತಳ್ಳುವುದು. ತಳ್ಳುವುದಕ್ಕೆ ನಾಚಿಕೆಪಡುವ ವಯಸ್ಸು ಹದಿನೈದು, ನನ್ನ ಹೆದರಿಕೆ ಅದೇ. ತೋಡು ತುಂಬಿ ದಾರಿಗೆ ಬಂದಿದ್ದರೆ ಆಳ ಗೊತ್ತಿಲ್ಲದೆ ಇಳಿಯುವಂತಿಲ್ಲ.

ಬೇಸಿಗೆಯೇನೂ ಪೂರ್ತಿ ಸುಲಭ ಅಲ್ಲ. ಅದೇ ಇಳಿಜಾರಿನಲ್ಲಿ ಒಣಗಿದ ಮುರಕಲ್ಲಿನ ಚೂರುಗಳು ಗೋಲಿಗಳ ಹಾಗೆ ಉರುಳುತ್ತವೆ. ಆಗ ಪೆಡಲ್ ಎರಡೂ ಸಮಕ್ಕಿಟ್ಟು, ಸೀಟಿನಿಂದ ಎದ್ದು, ಮೊಣಕೈ ಸಡಿಲ ಬಿಟ್ಟು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ದಾರಿಯ ಮೇಲೆ. ಕಡಿದಾದಲ್ಲಿ ಒಬ್ಬರು ಇಳಿದು ಮುಗಿಸಿದ ಮೇಲೆ ಇನ್ನೊಬ್ಬರು. ಇದನ್ನು ಹೇಳಿಕೊಡುವ ಹಿರಿಯರು ಗುಂಪಿನಲ್ಲಿದ್ದಾರಾ ಅಂತ ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಬಾಡಿಗೆ ಸೈಕಲ್ ಸಿಕ್ಕಿದರೆ ನೀವೂ ತುಳಿಯಿರಿ ಮಾರಾಯ್ರೇ.

ನಮ್ಮ ಗುಂಪಿನ ಲೀಡರ್ ಕುದುರೆಮುಖದ ಕಾಡಿನೊಳಗೆ ಹೋಗುವ, ಯಾರೂ ಕೇಳುವುದಿಲ್ಲ ಅನ್ನುತ್ತಾರೆ. ಸರಿಯಾ?
– ಓದುಗರು, ಉಡುಪಿ

ಸರಿಯಲ್ಲ. ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಸ್ತೆ ಬಿಟ್ಟು ಒಳಗೆ ಇಳಿಯುವಂತಿಲ್ಲ. ಖಾಸಗಿ ರಬ್ಬರ್ ತೋಟ, ಗೇರು ಗುಡ್ಡೆಗಳಲ್ಲೂ ಮನೆಯವರನ್ನು ಕೇಳಿಯೇ ಹೋಗಬೇಕು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಬೇಕು, ಕೊನೆಯಲ್ಲಿ ಬರುವವರ ಕೆಲಸ ಅದು. ಒಬ್ಬರು ತೆರೆದಿಟ್ಟು ಹೋಗಿ, ದನ ತೋಟಕ್ಕೆ ನುಗ್ಗಿದರೆ ಆ ದಾರಿ ಎಲ್ಲ ಗುಂಪುಗಳಿಗೂ ಬಂದ್.

ಚೈನಿಗೆ ತೆಂಗಿನೆಣ್ಣೆ ಹಾಕಬಹುದಾ?
– ಓದುಗಿ, ಸುರತ್ಕಲ್

ಬೇಡ. ಮಳೆಗೆ ಬೇಗ ತೊಳೆದು ಹೋಗುತ್ತದೆ. ಉಳಿದದ್ದು ಕೆಂಪು ಮಣ್ಣಿನ ಜೊತೆ ಸೇರಿ ಅಂಟಾಗಿ, ಚೈನನ್ನೂ ಹಲ್ಲುಗಳನ್ನೂ ಸವೆಸುತ್ತದೆ. ಸವಾರಿ ಮುಗಿದ ದಿನವೇ ಕೆಸರು ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೈಕಲ್ ಚೈನಿನದ್ದೇ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನದ್ದನ್ನು ಒರೆಸಿ ತೆಗೆಯಿರಿ. ಡಿಸ್ಕಿಗೆ ಮಾತ್ರ ಒಂದು ಹನಿಯೂ ತಾಗಬಾರದು, ಬ್ರೇಕ್ ಹಿಡಿಯುವುದಿಲ್ಲ. ತೆಂಗಿನೆಣ್ಣೆ ತಲೆಗೇ ಇರಲಿ.