ಹತ್ತು ತಿಂಗಳ ಕೊರತೆ, ಕೈಬಿಟ್ಟುಹೋದ ಪಿಂಚಣಿ

ಪ್ರಶ್ನೆ: ನನ್ನ ತಂದೆ ಸಿಪಾಯಿಯಾಗಿ 14 ವರ್ಷ 2 ತಿಂಗಳು ಸೇವೆ ಸಲ್ಲಿಸಿ, ಮನೆಯ ಕಷ್ಟದಿಂದಾಗಿ ತಾವೇ ಕೋರಿ ಬಿಡುಗಡೆ ಪಡೆದರು. ಅವರಿಗೆ ಪಿಂಚಣಿ ಸಿಗುವುದೇ? – ಓದುಗರು, ಹಿರಿಯೂರು, ಚಿತ್ರದುರ್ಗ ಜಿಲ್ಲೆ

ಉತ್ತರ: ಸೇವಾ ಪಿಂಚಣಿಗೆ ಸಿಪಾಯಿಗಳಿಗೆ ಕನಿಷ್ಠ 15 ವರ್ಷ, ಅಧಿಕಾರಿಗಳಿಗೆ ಸಾಮಾನ್ಯವಾಗಿ 20 ವರ್ಷ ಅರ್ಹ ಸೇವೆ ಬೇಕು. ಆದರೆ ನಿಮ್ಮ ತಂದೆಯವರ ಕೊರತೆ ಹತ್ತೇ ತಿಂಗಳು. ಹನ್ನೆರಡು ತಿಂಗಳವರೆಗಿನ ಕೊರತೆಯನ್ನು ಮನ್ನಿಸುವ ಅಧಿಕಾರವನ್ನು ರಕ್ಷಣಾ ಸಚಿವಾಲಯವು 2001ರಲ್ಲಿಯೇ ನೀಡಿದೆ. ಸ್ವಂತ ಕೋರಿಕೆಯ ಮೇಲೆ ಹೊರಬಂದವರಿಗೆ ಇದು ಅನ್ವಯಿಸದೆಂದು ದಾಖಲೆ ಕಚೇರಿಗಳು ಅರ್ಜಿ ತಿರಸ್ಕರಿಸುವುದುಂಟು. ಆದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯು ಅಂಥ ಹಲವು ಪ್ರಕರಣಗಳಲ್ಲಿ ಸೈನಿಕರ ಪರವಾಗಿಯೇ ತೀರ್ಪು ನೀಡಿದೆ. ಆದ್ದರಿಂದ ಮೊದಲ ತಿರಸ್ಕಾರಕ್ಕೇ ದಯವಿಟ್ಟು ಕೈಚೆಲ್ಲಬೇಡಿ.

ಟ್ರಂಕಿನ ತಳದಲ್ಲಿರುವ, ಮಡಿಕೆ ಹರಿದ ಆ ಬಿಡುಗಡೆ ಪುಸ್ತಕವನ್ನು ತೆರೆದು, ಸೇರ್ಪಡೆ ಹಾಗೂ ಬಿಡುಗಡೆಯ ದಿನಾಂಕಗಳನ್ನೂ, ಅನುಮತಿಯಿಲ್ಲದೆ ಗೈರಾದ ದಿನಗಳನ್ನು ಕಳೆದಿದ್ದಾರೆಯೇ ಎಂಬುದನ್ನೂ ಪರಿಶೀಲಿಸಿ. ತರಬೇತಿಯ ಅವಧಿಯೂ ಸೇವೆಗೆ ಸೇರುತ್ತದೆ. ಬಳಿಕ ರೆಜಿಮೆಂಟಿನ ದಾಖಲೆ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಮನವಿ ಕಳುಹಿಸಿ. ಅಲ್ಲಿ ನ್ಯಾಯ ಸಿಗದಿದ್ದರೆ, ಕರ್ನಾಟಕದ ಪ್ರಕರಣಗಳನ್ನು ಆಲಿಸುವ ನ್ಯಾಯಮಂಡಳಿಯ ಕೊಚ್ಚಿ ಪೀಠ ಇದೆ. ಸೇವೆಯಿಂದಲೇ ಉಂಟಾದ, ಶೇ 20 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದಿಂದ ಸೇನೆಯೇ ಬಿಡುಗಡೆ ಮಾಡಿದವರಿಗಾದರೆ, ಅಂಗವೈಕಲ್ಯ ಪಿಂಚಣಿಗೆ ಈ 15 ವರ್ಷಗಳ ನಿಬಂಧನೆಯೇ ಇಲ್ಲ.