ಕೈ ಎತ್ತುತ್ತೇನೆ, ಒಳಗೆ ಏನೂ ಆಗಲ್ಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಆಕೆಗೆ ನಲವತ್ತು ದಾಟಿದೆ, ಶಾಲೆಯಲ್ಲಿ ಟೀಚರ್. ಬೆಳೆದದ್ದು ಗದಗ-ಬೆಟಗೇರಿ ಕಡೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದ ಹಳೇ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ. ಗೀತೆ ಪುಸ್ತಕ ನೋಡಿ ಹಾಡೋದು, ಸಭಾಪಾಲಕರು ಹೇಳಿದಾಗ ಏಳೋದು, ಕೂರೋದು, ಅಷ್ಟೇ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಗಂಡ ಹೋಗುವ ಸಭೆಗೇ ಹೋಗುತ್ತಾರೆ. ಅಲ್ಲಿ ಕೀಬೋರ್ಡು, ಡ್ರಮ್ಸು, ಎಲ್ಲರೂ ಕೈ ಎತ್ತಿ ಕಣ್ಣೀರಿಡುತ್ತಾ ಗಟ್ಟಿಯಾಗಿ ಪ್ರಾರ್ಥಿಸೋದು. ಜನ ಮಾತ್ರ ತುಂಬಾ ಒಳ್ಳೆಯವರು. ಬಾಗಿಲಲ್ಲೇ ಕೈ ಹಿಡಿದು 'ಪ್ರೈಸ್ ದ ಲಾರ್ಡ್ ಸಿಸ್ಟರ್' ಅಂತಾರೆ, ಹೊಸಬರ ಜಾತಿ ಕೇಳಲ್ಲ, ಆರಾಧನೆ ಮುಗಿದ ಮೇಲೆ ಟೀ ಕುಡಿಸದೆ ಕಳಿಸಲ್ಲ.

ತಾಯಿ ತೀರಿಕೊಂಡ ಮೇಲೆ ತೊಂದರೆ ಶುರುವಾಯಿತು. ಹಾಡುವಾಗ ಒಳಗೆ ಏನೂ ಆಗುತ್ತಿರಲಿಲ್ಲ. ಮೊದಮೊದಲು ಸುಮ್ನೆ ನಿಂತರು. ಪಕ್ಕದವರು ಪ್ರೀತಿಯಿಂದಲೇ 'ಏನಾಯ್ತು ಸಿಸ್ಟರ್, ಬಾಯಿ ತುಂಬಾ ಸ್ತುತಿಸಿ, ಎಲ್ಲಾ ಸರಿಹೋಗತ್ತೆ' ಎಂದರು. ಆ ಪ್ರಶ್ನೆ ತಪ್ಪಿಸಿಕೊಳ್ಳೋಕೆ ಕೈ ಎತ್ತತೊಡಗಿದರು.

'ಮೇಡಂ, ಕೈ ಮೇಲಿರುತ್ತೆ, ತಲೆಯಲ್ಲಿ ನಾಳೆ ದೋಸೆಗೆ ಅಕ್ಕಿ ನೆನೆಹಾಕಿದ್ನಾ ಅಂತ ಓಡ್ತಿರುತ್ತೆ. ಇಷ್ಟು ಪ್ರೀತಿ ತೋರಿಸೋರಿಗೆ ಮೋಸ ಮಾಡ್ತಿದ್ದೀನಿ. ದೇವರಿಗೂ.'

ನಾನು ಮೊದಲು ಕೇಳಿದ್ದು ನಿದ್ದೆ, ಊಟದ ಬಗ್ಗೆ. 'ಭಕ್ತಿ ಕಡಿಮೆಯಾಗಿದೆ' ಅಂತ ಹೇಳಿಕೊಂಡು ಬರುವವರಲ್ಲಿ ಎಷ್ಟೋ ಸಲ ಅತ್ತು ಮುಗಿಯದ ದುಃಖ ಇರುತ್ತದೆ, ಕೆಲವರಲ್ಲಿ ಖಿನ್ನತೆಯೇ ಇರುತ್ತದೆ. ಇವರಿಗೆ ನಸುಕಿಗೇ ಎಚ್ಚರ, ಭಾನುವಾರ ಬೆಳಗ್ಗೆ ಹೊಟ್ಟೆ ತೊಳಸು. ವೈದ್ಯರಿಗೂ ತೋರಿಸಿ ಬರಲು ಹೇಳಿದೆ. ಸದ್ಯಕ್ಕೆ ಔಷಧಿ ಬೇಡ, ಇದು ತಾಯಿ ಹೋದ ಸಂಕಟ ಎಂದರಂತೆ.

ಆಮೇಲೆ ಕೇಳಿದೆ, ನಿಮ್ಮ ಬೈಬಲ್ಲಿನಲ್ಲಿ ನಿಮ್ಮ ಹಾಗೆ ಪ್ರಾರ್ಥಿಸಿದವರು ಯಾರಾದರೂ ಇದ್ದಾರಾ? ಸ್ವಲ್ಪ ಯೋಚಿಸಿ 'ಹನ್ನ' ಎಂದರು. ಮಕ್ಕಳಿಲ್ಲದ ಹನ್ನ ಶಿಲೋವಿನಲ್ಲಿ ದೇವರ ಮುಂದೆ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು, ದನಿಯೇ ಹೊರಡಲಿಲ್ಲ. ಯಾಜಕ ಏಲಿ ಅದನ್ನು ನೋಡಿ ಕುಡಿದು ಬಂದಿದ್ದಾಳೆ ಅಂದುಕೊಂಡ. ದಿನಾ ಆರಾಧನೆ ನೋಡುವ ಯಾಜಕನೇ ಎಡವಿದ ಮೇಲೆ ಪಕ್ಕದ ಕುರ್ಚಿಯವರ ಅಂದಾಜಿಗೆ ಅಷ್ಟೊಂದು ಹೆದರೋದು ಯಾಕೆ, ಅಲ್ವಾ? ಬೈಬಲ್ಲಿನ 88ನೇ ಕೀರ್ತನೆಯಂತೂ ಕೊನೆಯ ಸಾಲಿನವರೆಗೂ ಕತ್ತಲೆಯಲ್ಲೇ ಇದೆ, ಆದರೂ ಅದನ್ನು ಆರಾಧನೆಯ ಪುಸ್ತಕದಿಂದ ಯಾರೂ ಕಿತ್ತು ಹಾಕಲಿಲ್ಲ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯವನ್ನೂ ಒಟ್ಟಿಗೆ ಓದಿದೆವು. ಆರಾಧಿಸಬೇಕಾದ್ದು ಸಮಾರ್ಯದವರ ಬೆಟ್ಟದಲ್ಲೋ ಯೆಹೂದ್ಯರ ಯೆರೂಸಲೇಮಿನಲ್ಲೋ ಅನ್ನುವ ಜಗಳ ಪಕ್ಕಕ್ಕಿಟ್ಟು, ಸತ್ಯಕ್ಕೆ ತಕ್ಕ ಆರಾಧನೆಯ ಮಾತನ್ನು ಯೇಸು ಆಡಿದ್ದು ಬಾವಿಯ ಹತ್ತಿರ ಸಿಕ್ಕ ಸಮಾರ್ಯದ ಹೆಂಗಸಿನ ಜೊತೆ. ಅದಕ್ಕೂ ಮೊದಲು ಅವಳು 'ನನಗೆ ಗಂಡನಿಲ್ಲ' ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಹಾಗಾದರೆ 'ದೇವರೇ, ಇವತ್ತು ನನಗೆ ಹಾಡೋಕೆ ಆಗ್ತಿಲ್ಲ' ಅನ್ನೋದೂ ನಿಜವಾದ ಆರಾಧನೆಯೇ ಎಂದೆ. ಆಕೆ ಆಗ ಅತ್ತರು. ತಾಯಿ ಹೋದಾಗಿನಿಂದ ಹೀಗೆ ಅತ್ತಿರಲಿಲ್ಲವಂತೆ.

ಕೊಟ್ಟ ಸಲಹೆ ಇಷ್ಟು. ಒಳಗಿಂದ ಬರುವವರೆಗೆ ಕೈ ಎತ್ತಬೇಡಿ, ಕಾಲು ಸೋತರೆ ಕೂತುಬಿಡಿ. ಸಭೆ ಮಾತ್ರ ಬಿಡಬೇಡಿ, ಈ ಹೊತ್ತಿನಲ್ಲಿ ನಿಮಗೆ ಆ ಜನ ಬೇಕು. ಪಾಸ್ಟರ್ ಹೆಂಡತಿಗೆ ಮೊದಲೇ ವಿಷಯ ಹೇಳಿಡಿ. ಪಕ್ಕದವರು ಕೇಳಿದರೆ 'ಅಮ್ಮನ ನೆನಪಾಗ್ತಿದೆ, ಜೊತೆಗೆ ಕೂತಿರಿ ಸಾಕು' ಅನ್ನಿ. ಮನೆಯಲ್ಲಿ ಅಮ್ಮ ಹಾಡುತ್ತಿದ್ದ ಹಳೇ ಗೀತೆ ಬಂದರೆ ಹಾಡಿ, ಬರದಿದ್ದರೆ ಬೇಡ. ದೇವರು ದುಃಖದಿಂದ ಹೊರತಂದ ಬಗ್ಗೆ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಿ ಅಂತ ಸಭೆಯಲ್ಲಿ ಕೇಳಿದ್ದರಂತೆ, ಅದಕ್ಕೆ ಈಗ ಖಂಡಿತ ಒಪ್ಪಬೇಡಿ ಎಂದೆ. ಇನ್ನೂ ಹೊರಗೇ ಬಂದಿಲ್ಲವಲ್ಲ!

ಮುಂದಿನ ಭೇಟಿಗೆ ಬಂದಾಗ ಸ್ವಲ್ಪ ಹಗುರಾಗಿದ್ದರು. ಹಾಡಿನ ಹೊತ್ತಿಗೆ ಕೂತರಂತೆ. ಒಬ್ಬ ಆಂಟಿ ಬಂದು ಕೇಳಿ, ಉತ್ತರ ಕೇಳಿಸಿಕೊಂಡು, ತಾವೂ ಪಕ್ಕದಲ್ಲೇ ಕೂತರಂತೆ. ಸ್ವಾಗತಿಸುವ ಸಭೆ ಅಂದರೆ ನನ್ನ ಲೆಕ್ಕದಲ್ಲಿ ಆ ಆಂಟಿ. ಬಾಗಿಲಲ್ಲಿ ಕೈಕುಲುಕೋದು ಅದಕ್ಕಿಂತ ಎಷ್ಟೋ ಸುಲಭ. ಗಂಡನಿಗೆ ಮಾತ್ರ ಇದು ಸರಿಹೋಗಿಲ್ಲ. 'ಎಲ್ಲರ ಎದುರು ನೀನೊಬ್ಬಳೇ ಕೂತರೆ ಜನ ಏನಂದ್ಕೋತಾರೆ' ಅಂತ ಮನೆಯಲ್ಲಿ ದಿನಾ ಮಾತು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ.